ಏಳನೇ ನಮೂನೆಯ ರಾಜಕಾರಣ: ದೇವರಾಜ ಅರಸು ಕಟ್ಟಿದ್ದೇನು, ಕೈತಪ್ಪಿದ್ದೆಲ್ಲಿ

ಮೈಸೂರು ಜಿಲ್ಲೆಯ ಇಬ್ಬರು ಮುಖ್ಯಮಂತ್ರಿಗಳಾದ ಡಿ. ದೇವರಾಜ ಅರಸು ಮತ್ತು ಸಿದ್ದರಾಮಯ್ಯ ಅವರ ಅಧಿಕಾರಾವಧಿಯನ್ನು ದಿನಗಳ ಲೆಕ್ಕದಲ್ಲಿ ಹೋಲಿಸುವ ಚರ್ಚೆ ರಾಜ್ಯದಲ್ಲಿ ಜೋರಾಗಿ ನಡೆದಿದೆ. ಎರಡು ಅವಧಿ ಸೇರಿಸಿದರೆ ಅರಸು ಏಳೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮುಖ್ಯಮಂತ್ರಿಯಾಗಿದ್ದರು. ಆದರೆ ದಿನ ಎಣಿಸಿದರೆ ಅರಸು ಅರ್ಥವಾಗುವುದಿಲ್ಲ. ಅವರ ಕಾಲದ ಮೂರು ಕಡತಗಳು ಈಗಲೂ ತಾಲ್ಲೂಕು ಕಚೇರಿಯಿಂದ ಸುಪ್ರೀಂ ಕೋರ್ಟಿನವರೆಗೆ ಓಡಾಡುತ್ತಿವೆ. ಗೇಣಿದಾರರ ಭೂಮಿ, ಪರಿಶಿಷ್ಟರಿಗೆ ಮಂಜೂರಾದ ಭೂಮಿ, ಹಿಂದುಳಿದ ವರ್ಗಗಳ ಪಟ್ಟಿ. ಇಂದಿನ ಸರ್ಕಾರಗಳು ಹೊಸದೆಂದು ಮಾಡುವ ಬಹುಪಾಲು ಸಾಮಾಜಿಕ ನ್ಯಾಯದ ತೀರ್ಮಾನಗಳು ಈ ಮೂರರಲ್ಲಿ ಒಂದರ ತಿದ್ದುಪಡಿಯೇ ಆಗಿರುತ್ತವೆ.

ಅರಸು ಘೋಷಣೆಗಳಿಗಿಂತ ಕಾರ್ಯವಿಧಾನದ ಮೇಲೆ ಹೆಚ್ಚು ಗಮನ ಕೊಟ್ಟ ರಾಜಕಾರಣಿ. 'ಉಳುವವನೇ ಹೊಲದೊಡೆಯ' ಎಂಬ ಮಾತು ಅವರಿಗಿಂತ ಮೊದಲೇ ಇತ್ತು. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ಆ ಕೂಗನ್ನು ಬೀದಿಗೆ ತಂದಿತ್ತು, ಭೂಸುಧಾರಣಾ ಕಾಯ್ದೆ 1961ರಲ್ಲೇ ಬಂದಿತ್ತು. ಅರಸು ಮಾಡಿದ್ದು ಬೇರೆ: ಅರ್ಜಿ ಎಲ್ಲಿ ಕೊಡಬೇಕು, ಯಾರು ತೀರ್ಮಾನಿಸಬೇಕು, ತೀರ್ಮಾನದ ಕೊಠಡಿಯೊಳಗೆ ಯಾರು ಕೂರಬಾರದು ಎಂಬುದನ್ನು ಬದಲಿಸಿದರು. ಅವರ ಗೆಲುವಿನ ಕಾರಣವೂ ಅಲ್ಲಿದೆ, ಸೋಲಿನ ಬೀಜವೂ ಅಲ್ಲಿದೆ.

ಜಾತಿಬಲವಿಲ್ಲದ ನಾಯಕ

1915ರ ಆಗಸ್ಟ್ 20ರಂದು ಹುಟ್ಟಿದ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಊರಿಗೆ ಮರಳಿ ಬೇಸಾಯಕ್ಕೆ ನಿಂತರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರಿಂದ ಹುಣಸೂರು ಅವರ ಕ್ಷೇತ್ರ. ರಾಜಮನೆತನದ ನಂಟಿರುವ ಅವರ ಸಮುದಾಯ ಸಂಖ್ಯೆಯಲ್ಲಿ ತೀರಾ ಸಣ್ಣದು. ಕೆ.ಸಿ. ರೆಡ್ಡಿಯವರಿಂದ ವೀರೇಂದ್ರ ಪಾಟೀಲರವರೆಗೆ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕೂತವರೆಲ್ಲ ಒಕ್ಕಲಿಗ ಅಥವಾ ಲಿಂಗಾಯತ ಹಿನ್ನೆಲೆಯವರು. ಅಂಥ ರಾಜ್ಯದಲ್ಲಿ ಸ್ವಂತ ಜಾತಿಯ ಮತ ನಂಬಿ ಅರಸು ಒಂದು ಜಿಲ್ಲೆಯನ್ನೂ ಗೆಲ್ಲುವಂತಿರಲಿಲ್ಲ.

ಬಾಗಿಲು ತೆರೆದದ್ದು 1969ರ ಕಾಂಗ್ರೆಸ್ ಒಡಕು. ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲರ ಸಂಗಡ ರಾಜ್ಯದ ಘಟಾನುಘಟಿಗಳೆಲ್ಲ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ಇಂದಿರಾ ಬಣಕ್ಕೆ ಇಲ್ಲಿ ಕಟ್ಟಾಳುಗಳೇ ಇರಲಿಲ್ಲ. ಅದನ್ನು ಕಟ್ಟುವ ಹೊಣೆ ಅರಸು ಅವರ ಹೆಗಲೇರಿತು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನಗಳೂ ಆ ಬಣಕ್ಕೆ ಬಂದವು. ಮರುವರ್ಷದ ವಿಧಾನಸಭಾ ಚುನಾವಣೆಯಲ್ಲಿ 216ರಲ್ಲಿ 165.

1972ರಲ್ಲಿ ಅವರು ತಾವೇ ಸ್ಪರ್ಧಿಸಲಿಲ್ಲ, ಟಿಕೆಟ್ ಹಂಚುವ ಕೆಲಸ ಹಿಡಿದು ಕೂತರು. ಮುಖ್ಯಮಂತ್ರಿಯಾದ ಮೇಲೆ ಉಪಚುನಾವಣೆಯಲ್ಲಿ ಹುಣಸೂರಿನಿಂದ ಸದನಕ್ಕೆ ಬಂದರು. ಹಳೆಯ ಕಾಂಗ್ರೆಸ್ಸಿನಲ್ಲಿ ಟಿಕೆಟ್ ಎಂದರೆ ತಾಲ್ಲೂಕು ಬೋರ್ಡು, ಸಹಕಾರಿ ಸಂಘ, ದೊಡ್ಡ ಹಿಡುವಳಿ ಈ ಮೂರೂ ಇದ್ದ ಮನೆತನಕ್ಕೆ ಸಲ್ಲುವ ಮರ್ಯಾದೆ. ಆ ಮನೆಗಳವರೆಲ್ಲ ಎದುರು ಪಾಳಯದಲ್ಲಿದ್ದುದರಿಂದ ಅರಸುಗೆ ಕೈ ಕಟ್ಟುವವರು ಕಡಿಮೆ. ಬೇರೆಡೆ ಪಂಚಾಯಿತಿ ಮಟ್ಟದಲ್ಲೂ ಅವಕಾಶ ಕಾಣದ ಸಣ್ಣ ಸಮುದಾಯಗಳ ಹುಡುಗರನ್ನು ಹುಡುಕಿ ನಿಲ್ಲಿಸಿದರು. ಗುರುಮಿಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದಿಂದ ವೀರಪ್ಪ ಮೊಯಿಲಿ ಮೊದಲ ಸಲ ಶಾಸಕರಾದದ್ದು ಆ ಚುನಾವಣೆಯಲ್ಲೇ. ಪ್ರಬಲ ಜಾತಿಗಳನ್ನು ಅವರು ಪೂರ್ತಿ ಹೊರಗಿಟ್ಟರು ಎನ್ನುವುದು ಸರಿಯಲ್ಲ. ಒಕ್ಕಲಿಗರಿಗೂ ಲಿಂಗಾಯತರಿಗೂ ಟಿಕೆಟ್ ಸಿಕ್ಕಿತು, ಮಂತ್ರಿಗಿರಿಯೂ ಸಿಕ್ಕಿತು. ಅವರಿಲ್ಲದೆಯೂ ಸರ್ಕಾರ ನಡೆಯುತ್ತದೆ ಎಂಬುದು ಮೊದಲ ಬಾರಿಗೆ ಎಲ್ಲರಿಗೂ ಗೊತ್ತಾಯಿತು, ಅಷ್ಟೆ.

ಡಿಕ್ಲರೇಶನ್ ಕೊಟ್ಟವನಿಗೆ ಭೂಮಿ

1961ರ ಕಾಯ್ದೆಯಲ್ಲಿ ಒಡೆಯನಿಗೆ 'ಸ್ವಂತ ಬೇಸಾಯಕ್ಕೆ ಬೇಕು' ಎಂದು ಜಮೀನು ಬಿಡಿಸಿಕೊಳ್ಳುವ ಹಕ್ಕು ಇತ್ತು. ಆ ಒಂದು ಕಂಡಿಯಿಂದಲೇ ಇಡೀ ಕಾಯ್ದೆ ಸೋರಿಹೋಗಿತ್ತು. ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. 44ನೇ ಕಲಮಿನ ಪ್ರಕಾರ ಆ ದಿನದಂದು ಗೇಣಿದಾರರ ಸ್ವಾಧೀನದಲ್ಲಿದ್ದ ಎಲ್ಲ ಕೃಷಿ ಜಮೀನೂ ಸರ್ಕಾರಕ್ಕೆ ಸೇರಿತು. ಇಲ್ಲಿರುವ ಜಾಣ್ಮೆಯನ್ನು ಗಮನಿಸಬೇಕು. ಭೂಮಿ ಒಡೆಯನಿಂದ ನೇರವಾಗಿ ಗೇಣಿದಾರನಿಗೆ ಹೋಗಲಿಲ್ಲ. ಹಾಗೆ ಹೋಗುವುದಿದ್ದರೆ ಪ್ರತಿ ಗೇಣಿದಾರನೂ ಧಣಿಯ ಎದುರು ನಿಂತು 'ನಿನ್ನದು ನನಗೆ ಕೊಡು' ಎಂದು ಕೇಳಬೇಕಿತ್ತು. ಈಗ ಧಣಿಯ ಹಕ್ಕು ಕಾನೂನಿನ ಬಲದಿಂದ ಅದಾಗಲೇ ಹೋಗಿತ್ತು, ಗೇಣಿದಾರ ಕೇಳಬೇಕಾದದ್ದು ಸರ್ಕಾರವನ್ನು ಮಾತ್ರ.

ಕೇಳುವ ಕಾಗದವೇ ನಮೂನೆ 7. ಕರಾವಳಿಯಲ್ಲಿ ಅದನ್ನು 'ಡಿಕ್ಲರೇಶನ್ ಕೊಡುವುದು' ಎನ್ನುತ್ತಾರೆ. ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು, ಎಷ್ಟು ಕಾಲದಿಂದ ಸಾಗುವಳಿ ಎಂಬ ವಿವರ ಬರೆದು ಕೊಡಬೇಕು. ಕೊನೆಯ ಗಡುವು ವಿಸ್ತರಣೆಯಾಗುತ್ತ 1979ರ ಜೂನ್ 30ಕ್ಕೆ ನಿಂತಿತು. ಅರ್ಜಿ ಭೂ ನ್ಯಾಯಮಂಡಳಿಯ ಮುಂದೆ ಬರುತ್ತಿತ್ತು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಒಡೆಯನಿಗೆ ನೋಟಿಸು, ಊರಲ್ಲಿ ಪ್ರಕಟಣೆ, ಆಕ್ಷೇಪಣೆ, ಸಂಕ್ಷಿಪ್ತ ವಿಚಾರಣೆ, ಆದೇಶ. ಆಮೇಲೆ ತಹಶೀಲ್ದಾರರು ನಮೂನೆ 10ರಲ್ಲಿ ಅಧಿಭೋಗದಾರಿಕೆ ಪ್ರಮಾಣಪತ್ರ (ಭೂಮಿಯ ಹಕ್ಕುಪತ್ರ) ಕೊಟ್ಟು ಪಹಣಿ ತಿದ್ದಬೇಕು.

ಎರಡು ಅಂಶಗಳು ಇದನ್ನು ದೇಶದ ಇತರ ಕಡೆಯ ಭೂಸುಧಾರಣೆಯಿಂದ ಬೇರೆ ಮಾಡಿದವು. ಮೊದಲನೆಯದು, ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ಎರಡನೆಯದು, ಆದೇಶದ ಮೇಲೆ ಮೇಲ್ಮನವಿ ಇರಲಿಲ್ಲ, ಹೈಕೋರ್ಟಿಗೆ ರಿಟ್ ಹಾಕುವುದೊಂದೇ ದಾರಿ. ಕೋರ್ಟು ಕಚೇರಿ ಎಂದರೆ ಒಡೆಯನಿಗೆ ಮನೆಯಂಗಳ, ಗೇಣಿದಾರನಿಗೆ ಕಾಡು. ಆ ಅಸಮಾನತೆಯನ್ನು ಅರಸು ಸರ್ಕಾರ ಬಾಗಿಲಲ್ಲೇ ತಡೆಯಿತು. ಆದರೆ 1987ರಲ್ಲಿ ಸುಪ್ರೀಂ ಕೋರ್ಟು ವಕೀಲರ ನಿಷೇಧದ ಕಲಮನ್ನು ರದ್ದು ಮಾಡಿತು. 1986ರಲ್ಲಿ ಹುಟ್ಟಿದ ಮೇಲ್ಮನವಿ ಪ್ರಾಧಿಕಾರವನ್ನು ಕೆಲವೇ ವರ್ಷಗಳಲ್ಲಿ ಮುಚ್ಚಲಾಯಿತು. ಅಷ್ಟರಲ್ಲಿ ಕೆಲಸದ ದೊಡ್ಡ ಪಾಲು ಮುಗಿದಿತ್ತು. ಎಂಟು ಲಕ್ಷದ ಆಸುಪಾಸು ಅರ್ಜಿಗಳಲ್ಲಿ ಐದು ಲಕ್ಷಕ್ಕೆ ಸಮೀಪದಷ್ಟು ಗೇಣಿದಾರರ ಪರವಾದವು, ಸುಮಾರು ಇಪ್ಪತ್ತು ಲಕ್ಷ ಎಕರೆ ಕೈ ಬದಲಾಯಿಸಿತು. ಇದರ ಫಲ ಎದ್ದು ಕಂಡದ್ದು ಚಾಲಗೇಣಿ (ಒಡೆಯ ಯಾವಾಗ ಬೇಕಾದರೂ ಬಿಡಿಸಬಹುದಾದ ಗೇಣಿ) ಹಬ್ಬಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ ಮತ್ತು ಮಲೆನಾಡಿನಲ್ಲಿ. ಬಯಲುಸೀಮೆಯಲ್ಲಿ ಗೇಣಿಯೇ ಕಡಿಮೆಯಿತ್ತು.

ಇದೇ ಕಾಯ್ದೆಯ ಇನ್ನೊಂದು ಕೈ ಭೂಮಿತಿ. ಐದು ಜನರ ಕುಟುಂಬಕ್ಕೆ 10 ಯೂನಿಟ್, ಹೆಚ್ಚಿನ ಪ್ರತಿ ಸದಸ್ಯನಿಗೆ 2 ಯೂನಿಟ್, ಏನೇ ಆದರೂ 20 ಮೀರುವಂತಿಲ್ಲ. ಒಂದು ಯೂನಿಟ್ ಎಂದರೆ 'ಎ' ವರ್ಗದ ನೀರಾವರಿ ಜಮೀನು ಒಂದು ಎಕರೆ, 'ಡಿ' ವರ್ಗದ ಖುಷ್ಕಿ 5.4 ಎಕರೆ. ಹೀಗಾಗಿ ಐದು ಜನರ ಕುಟುಂಬಕ್ಕೆ ಹತ್ತು ಎಕರೆಯಿಂದ 54 ಎಕರೆವರೆಗೆ. ಕಾಗದದ ಮೇಲೆ ಇದು ಬಿಗಿಯಾದ ಮಿತಿಯೇ. ನಡೆದದ್ದು ಮಾತ್ರ ನಿರಾಸೆಯ ಕಥೆ. ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳಿಗೆ ವಿನಾಯಿತಿ ಸಿಕ್ಕಿತು. ಹಿಂದಿನ ತಾರೀಖಿನ ಪಾಲುಪಟ್ಟಿಗಳು, ನೆಂಟರ ಹೆಸರಿನ ಕ್ರಯಪತ್ರಗಳು ಉಳಿದದ್ದನ್ನು ನುಂಗಿದವು. ಗೇಣಿ ರದ್ದತಿ ಗೆದ್ದದ್ದಕ್ಕೂ ಭೂಮಿತಿ ಸೋತದ್ದಕ್ಕೂ ಕಾರಣ ಒಂದೇ. ಗೇಣಿಯ ವಿಷಯದಲ್ಲಿ ಅರ್ಜಿ ಹಿಡಿದು ಬೆನ್ನುಬೀಳುವ ಮನುಷ್ಯನೊಬ್ಬ ಇದ್ದ. ಹೆಚ್ಚುವರಿ ಭೂಮಿಗೆ ಅಂಥ ಹಕ್ಕುದಾರ ಯಾರೂ ಇರಲಿಲ್ಲ, ಒಡೆಯನೇ ಘೋಷಿಸಬೇಕು, ಅಧಿಕಾರಿಯೇ ಅಳೆಯಬೇಕು.

ಗೆದ್ದ ಕಡೆಯೂ ತೊಡಕುಗಳಿದ್ದವು, ಇವು ಇಂದಿಗೂ ದಾವೆಗಳಾಗಿ ಜೀವಂತವಾಗಿವೆ. ಪಹಣಿಯ 12(2)ನೇ ಅಂಕಣದಲ್ಲಿ ಸಾಗುವಳಿದಾರನ ಹೆಸರು ಇರಬೇಕು. ಅದನ್ನು ಬರೆಯುತ್ತಿದ್ದವರು ಊರಿನ ಲೆಕ್ಕಿಗರು, ಅವರ ಪೆನ್ನು ಬಹಳ ಕಡೆ ಒಡೆಯನ ಮಾತು ಕೇಳುತ್ತಿತ್ತು. ಗೇಣಿ ಬಾಯಿಮಾತಿನಲ್ಲಿ ನಡೆದು, ಗೇಣಿ ಚೀಟಿ ಇಲ್ಲದಿದ್ದರೆ ನೆರೆಹೊರೆಯವರ ಹೇಳಿಕೆಯೇ ಗತಿ. ಧಣಿಯ ಮೇಲಿನ ಭಯಕ್ಕೋ ಋಣಕ್ಕೋ ಡಿಕ್ಲರೇಶನ್ ಕೊಡದೇ ಉಳಿದವರು ಎಷ್ಟೋ ಮಂದಿ. ಅಂಥವರಿಗಾಗಿಯೇ 1998ರಲ್ಲಿ 77ಎ ಕಲಮು ಸೇರಿಸಿ, ಎರಡು ಹೆಕ್ಟೇರ್ ಮಿತಿಯೊಳಗೆ ನಮೂನೆ 7ಎ ತರಬೇಕಾಯಿತು. ಇನ್ನೊಂದು ಸಮಸ್ಯೆ ಮನೆಯೊಳಗಿನದು. ಅವಿಭಕ್ತ ಕುಟುಂಬದ ಗೇಣಿಗೆ ಹಿರಿಯಣ್ಣನೊಬ್ಬನ ಹೆಸರಲ್ಲಿ ನಮೂನೆ ತುಂಬಿದರು. ಆದೇಶವೂ ಅವನ ಹೆಸರಿಗೇ ಬಂತು. ಆ ಹಕ್ಕು ಅವನೊಬ್ಬನದೋ ಇಡೀ ಕುಟುಂಬದ್ದೋ ಎಂದು ತಮ್ಮಂದಿರು, ಈಚೆಗೆ ಹೆಣ್ಣುಮಕ್ಕಳು ಹೂಡಿರುವ ಪಾಲಿನ ದಾವೆಗಳು ಸಿವಿಲ್ ಕೋರ್ಟುಗಳಲ್ಲಿ ಸಾಮಾನ್ಯ. ಸಂಕ್ಷಿಪ್ತ ವಿಚಾರಣೆಯಲ್ಲಿ ಸಾಕ್ಷ್ಯ ಸರಿಯಾಗಿ ಬರೆದುಕೊಳ್ಳದ ಕಾರಣಕ್ಕೆ ಹೈಕೋರ್ಟು ಆದೇಶ ರದ್ದುಮಾಡಿ ಮತ್ತೆ ಮಂಡಳಿಗೆ ಕಳಿಸಿದ ಪ್ರಕರಣಗಳು ಎರಡು ತಲೆಮಾರು ದಾಟಿವೆ.

ನೋವುಂಡ ಇನ್ನೊಂದು ಪಕ್ಷವೂ ಇತ್ತು. ಎರಡು ಮೂರು ಎಕರೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲಿ ಬದುಕುತ್ತಿದ್ದ ವಿಧವೆಯರು, ಅರ್ಚಕರು, ಪರಊರಲ್ಲಿ ಮಾಸ್ತರಿಕೆ ಮಾಡುತ್ತಿದ್ದವರು ಸಾವಿರ ಮುಡಿ ಗೇಣಿಯ ಧಣಿಯ ಸಾಲಿನಲ್ಲೇ ನಿಲ್ಲಬೇಕಾಯಿತು. ಸೈನಿಕರಿಗೆ, ನಾವಿಕರಿಗೆ ವಿನಾಯಿತಿ ಇತ್ತು. ಸಣ್ಣ ಹಿಡುವಳಿಯ ಒಡೆಯರಿಗೂ ಒಂದು ಕನಿಷ್ಠ ಮಿತಿ ಇಟ್ಟಿದ್ದರೆ ಕಾಯ್ದೆಯ ಬಲ ಏನೂ ಕುಗ್ಗುತ್ತಿರಲಿಲ್ಲ. ಇದು ಅರಸು ಸರ್ಕಾರದ ನಿಜವಾದ ಲೋಪ.

ಗೇಣಿದಾರನಲ್ಲದವನಿಗೆ ಏನು?

ಕಾಯ್ದೆಯ ದೊಡ್ಡ ಮಿತಿ ಅದರ ಅಡಿಪಾಯದಲ್ಲೇ ಇತ್ತು. ಭೂಮಿ ಸಿಕ್ಕಿದ್ದು ಗೇಣಿದಾರನಿಗೆ, ಕೂಲಿಯವನಿಗೆ ಅಲ್ಲ. ದಲಿತರಲ್ಲಿ ಬಹುಪಾಲು ಜನ ಗೇಣಿಗೂ ಎಟುಕದ ಕೂಲಿಗಳು. ಅವರಿಗೆ ಈ ಕಾಯ್ದೆಯಲ್ಲಿ ದಕ್ಕಿದ್ದು ಹೆಚ್ಚೆಂದರೆ ಒಡೆಯನ ಜಮೀನಿನಲ್ಲಿ ತಾವು ಕಟ್ಟಿಕೊಂಡಿದ್ದ ಗುಡಿಸಲಿನ ಅಡಿಯ ನೆಲ. 1976ರ ಋಣ ಪರಿಹಾರ ಕಾನೂನು, ಜೀತ ವಿಮುಕ್ತಿ, ಜನತಾ ಮನೆಗಳು, ಮಲ ಹೊರುವ ಪದ್ಧತಿಯ ನಿಷೇಧ ಇವೆಲ್ಲ ಆ ಕಂದಕವನ್ನು ಒಂದಿಷ್ಟು ತುಂಬಿದವು. ಮಲ ಹೊರುವುದನ್ನು ನಿಲ್ಲಿಸಲು ಪಟ್ಟು ಹಿಡಿದ ದಲಿತ ಸಚಿವ ಬಿ. ಬಸವಲಿಂಗಪ್ಪ ಅವರನ್ನು, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂಬ ಅವರ ಮಾತಿಗೆ ಎದ್ದ 1973ರ ಬೂಸಾ ಗಲಾಟೆಯ ಒತ್ತಡದಲ್ಲಿ ಸಂಪುಟದಲ್ಲಿ ಉಳಿಸಿಕೊಳ್ಳಲು ಅರಸು ಅವರಿಂದ ಆಗಲಿಲ್ಲ. ಅವರ ಧೈರ್ಯಕ್ಕೆ ಎಲ್ಲಿ ಗೆರೆ ಇತ್ತು ಎಂಬುದಕ್ಕೆ ಇದೇ ಸಾಕ್ಷಿ.

ಎರಡನೇ ಅವಧಿಯಲ್ಲಿ ಬಂದ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧ ಕಾಯ್ದೆ) ಈ ಕೊರತೆಗೆ ಅವರು ಕೊಟ್ಟ ಗಟ್ಟಿ ಉತ್ತರ. ಪರಿಶಿಷ್ಟರಿಗೆ ಸರ್ಕಾರ ದರ್ಖಾಸ್ತಿನಲ್ಲಿ ಕೊಟ್ಟ ಜಮೀನು ನೂರಕ್ಕೋ ಇನ್ನೂರಕ್ಕೋ ಸಾಲದ ಹೆಸರಲ್ಲಿ ಪರರ ಪಾಲಾಗುತ್ತಿತ್ತು. ಮಂಜೂರಾತಿಯ ಷರತ್ತು ಮುರಿದು ನಡೆದ ಪರಭಾರೆ ಅಸಿಂಧು, ಮುಂದೆ ಮಾರುವುದಿದ್ದರೆ ಸರ್ಕಾರದ ಪೂರ್ವಾನುಮತಿ ಬೇಕು, ಉಪವಿಭಾಗಾಧಿಕಾರಿ ಜಮೀನು ಬಿಡಿಸಿ ಮೂಲ ಮಂಜೂರಾತಿದಾರನಿಗೆ ಅಥವಾ ವಾರಸುದಾರರಿಗೆ ಕೊಡಿಸಬೇಕು ಎಂದು 1978ರ ಈ ಕಾಯ್ದೆ ಹೇಳಿತು. 1984ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಆದರೆ 2017ರ ಇನ್ನೊಂದು ತೀರ್ಪಿನಲ್ಲಿ ಅದೇ ಕೋರ್ಟು, ಅರ್ಜಿ ಸಮಂಜಸ ಅವಧಿಯೊಳಗೆ ಬರಬೇಕು ಎಂದಿತು. ಅಲ್ಲಿಂದ ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳು ಬಿದ್ದುಹೋಗತೊಡಗಿದವು. 2023ರಲ್ಲಿ ರಾಜ್ಯ ಸರ್ಕಾರ 5ನೇ ಕಲಮು ತಿದ್ದಿ, ಕಾಲಮಿತಿ ಅನ್ವಯಿಸುವುದಿಲ್ಲ ಎಂದು ಬರೆಯಿತು. ಬೆಂಗಳೂರು ಸುತ್ತಲಿನ ನೆಲದ ಬೆಲೆ ನೋಡಿದವರಿಗೆ ಈ ಒಂದು ವಾಕ್ಯಕ್ಕಾಗಿ ಎಷ್ಟು ಜಗ್ಗಾಟ ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾವನೂರು ಪಟ್ಟಿ

1962ರ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮೈಸೂರು ರಾಜ್ಯದ 68 ಪ್ರತಿಶತ ಮೀಸಲಾತಿಯನ್ನು ಹೊಡೆದುಹಾಕಿತ್ತು. ಜಾತಿಯೊಂದೇ ಅಳತೆಗೋಲಾಗಬಾರದು ಎಂಬುದು ಆ ತೀರ್ಪಿನ ತಿರುಳು. ಹಾಗಾಗಿ 1972ರಲ್ಲಿ ಎಲ್.ಜಿ. ಹಾವನೂರು ಅಧ್ಯಕ್ಷತೆಯ ಆಯೋಗ ನೇಮಿಸುವಾಗ ಅರಸುಗೆ ಬೇಕಿದ್ದದ್ದು ಕೋರ್ಟಿನಲ್ಲಿ ನಿಲ್ಲುವ ಅಂಕಿಅಂಶ. ಆಯೋಗ ಮಾದರಿ ಸಮೀಕ್ಷೆ ನಡೆಸಿತು, ಎಸ್‌ಎಸ್‌ಎಲ್‌ಸಿ ತೇರ್ಗಡೆಯಾದವರ ಜಾತಿವಾರು ಲೆಕ್ಕ ತೆಗೆಯಿತು, ಸರ್ಕಾರಿ ನೌಕರಿಯಲ್ಲಿ ಯಾರೆಷ್ಟಿದ್ದಾರೆ ಎಂದು ಎಣಿಸಿತು. 1975ರ ವರದಿ ಹಿಂದುಳಿದವರನ್ನು ಸಮುದಾಯ, ಜಾತಿ, ಬುಡಕಟ್ಟು ಎಂದು ಮೂರು ಗುಂಪು ಮಾಡಿತು. ಗುಂಪು ಮಾಡಿದ್ದೇ ಅದರ ಹೆಚ್ಚುಗಾರಿಕೆ. ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿದ್ದರೆ ಮುಂದಿದ್ದ ಒಂದೆರಡು ಜಾತಿಗಳೇ ಎಲ್ಲವನ್ನೂ ಬಾಚಿಕೊಳ್ಳುತ್ತಿದ್ದವು.

ವರದಿ ಒಕ್ಕಲಿಗರನ್ನು ಪಟ್ಟಿಯಲ್ಲಿ ಇಟ್ಟು ಲಿಂಗಾಯತರನ್ನು ಬಿಟ್ಟಿತು. ಅದರ ಕಿಚ್ಚು ದಶಕಗಳ ಕಾಲ ಆರಲಿಲ್ಲ. ಕೋರ್ಟು, ವೆಂಕಟಸ್ವಾಮಿ ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗ ದಾಟಿ ಈಗಿನ ಪ್ರವರ್ಗ 1, 2ಎ, 2ಬಿ, 3ಎ, 3ಬಿ ವಿಂಗಡಣೆಗೆ ಬಂದು ನಿಂತಿದ್ದೇವೆ. ಕಾಂತರಾಜ ಆಯೋಗದ 2015ರ ಸಮೀಕ್ಷೆ, ಅದರ ಆಧಾರದ ಮೇಲೆ ಜಯಪ್ರಕಾಶ ಹೆಗ್ಡೆ 2024ರ ಫೆಬ್ರುವರಿಯಲ್ಲಿ ಸಲ್ಲಿಸಿದ ವರದಿ, ಹತ್ತು ವರ್ಷ ಹಳೆಯದಾಯಿತೆಂದು ಅದನ್ನು ಬದಿಗಿಟ್ಟು 2025ರ ಸೆಪ್ಟೆಂಬರ್ 22ರಂದು ಶುರುವಾದ ಹೊಸ ಸಮೀಕ್ಷೆ ಇವೆಲ್ಲವೂ ಹಾವನೂರು ಹಾಕಿಕೊಟ್ಟ ಹಾದಿಯ ಮುಂದುವರಿಕೆಯೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅರಸು ವರದಿ ಕೈಗೆ ಬಂದು ಎರಡು ವರ್ಷದೊಳಗೆ, 1977ರಲ್ಲಿ, ಆದೇಶ ಹೊರಡಿಸಿದರು. ಆಮೇಲಿನವರು ವರದಿ ಸ್ವೀಕರಿಸುವುದಕ್ಕೇ ವರ್ಷಗಟ್ಟಲೆ ತೆಗೆದುಕೊಂಡಿದ್ದಾರೆ. ಸಮೀಕ್ಷೆಯ ಅಂಕಿ ಹಳತಾಗಲು ಬಿಡುವುದೂ ಒಂದು ತೀರ್ಮಾನವೇ, ಅದರ ಲಾಭ ಯಾರಿಗೆ ಎಂದು ಕೇಳಲೇಬೇಕು.

ಕುಸಿತ

ತುರ್ತು ಪರಿಸ್ಥಿತಿಯ ದಿನಗಳನ್ನು ಬಿಟ್ಟು ಅರಸು ಬಗ್ಗೆ ಬರೆಯುವುದು ಅಪ್ರಾಮಾಣಿಕತೆ. ನ್ಯಾಯಮಂಡಳಿಗಳು ಬಿರುಸಿನಿಂದ ಕೆಲಸ ಮಾಡಿದ್ದೂ ಆಗಲೇ, ವಿರೋಧಿಗಳು ಬೆಂಗಳೂರಿನ ಜೈಲಿನಲ್ಲಿ ಕೊಳೆತದ್ದೂ ಆಗಲೇ. ನಟಿ ಸ್ನೇಹಲತಾ ರೆಡ್ಡಿ ಅಲ್ಲಿ ಆರೋಗ್ಯ ಕಳೆದುಕೊಂಡು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. 1977ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟಿತು. ಕೇಂದ್ರದ ಜನತಾ ಸರ್ಕಾರ ಅರಸು ಮೇಲಿನ ಆರೋಪಗಳ ತನಿಖೆಗೆ ಗ್ರೋವರ್ ಆಯೋಗ ನೇಮಿಸಿತು. ರಾಜ್ಯದ ಮುಖ್ಯಮಂತ್ರಿಯ ಮೇಲೆ ಕೇಂದ್ರ ತನಿಖೆ ನಡೆಸಬಹುದೇ ಎಂಬ ಪ್ರಶ್ನೆಯಲ್ಲಿ ಸುಪ್ರೀಂ ಕೋರ್ಟು ಕೇಂದ್ರದ ಪರ ನಿಂತಿತು. 1977ರ ಡಿಸೆಂಬರ್ 31ರಂದು ಸರ್ಕಾರ ವಜಾ ಆಯಿತು. ಎರಡೇ ತಿಂಗಳಲ್ಲಿ 224ರಲ್ಲಿ 149 ಸ್ಥಾನ ಗೆದ್ದು ಅರಸು ಮರಳಿದರು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರನ್ನು ಸಂಸತ್ತಿಗೆ ಕಳಿಸಿದರು.

ಅಲ್ಲಿಂದ ಎಡವಿದರು. 1979ರಲ್ಲಿ ಇಂದಿರಾ ಜತೆ ಜಗಳವಾಗಿ ಪಕ್ಷದಿಂದ ಹೊರಬಿದ್ದು ಕಾಂಗ್ರೆಸ್ (ಯು), ಅಂದರೆ ಅರಸು ಕಾಂಗ್ರೆಸ್, ಕಟ್ಟಿದಾಗ, ತಾನು ಭೂಮಿ ಕೊಡಿಸಿದ ಜನ ತನ್ನ ಹಿಂದೆ ಬರುತ್ತಾರೆ ಎಂಬ ನಂಬಿಕೆ ಅವರಿಗಿತ್ತು. 1980ರ ಜನವರಿಯ ಲೋಕಸಭಾ ಫಲಿತಾಂಶದಲ್ಲಿ 28ರಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಶಾಸಕರು ರಾತ್ರೋರಾತ್ರಿ ಪಾಳಯ ಬದಲಿಸಿದರು, ಅರಸು ರಾಜೀನಾಮೆ ಕೊಟ್ಟರು, ಅವರ ಸಂಪುಟದಲ್ಲೇ ಬೆಳೆದ ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಜನ ಕೃತಘ್ನರು ಎಂಬ ವಿವರಣೆ ಸುಲಭ, ಆದರೆ ತಪ್ಪು. ನಮೂನೆ 10 ಕೈಗೆ ಬಂದ ಗೇಣಿದಾರನಿಗೆ ಅದರ ಮೇಲೆ ಕಂಡದ್ದು ಸರ್ಕಾರ, ಸರ್ಕಾರ ಎಂದರೆ ಇಂದಿರಮ್ಮ. ಊರೂರಲ್ಲಿ ಆ ಫಲಾನುಭವಿಗಳ ಸಂಘ ಕಟ್ಟುವ, ಮಂಡಳಿಯ ಸದಸ್ಯರನ್ನು ಪಕ್ಷದ ಕಾರ್ಯಕರ್ತರನ್ನಾಗಿ ಬೆಳೆಸುವ ಕೆಲಸವನ್ನು ಅರಸು ಮಾಡಲಿಲ್ಲ. ಟಿಕೆಟ್, ಚುನಾವಣೆಯ ಹಣ, ನೇಮಕ ಎಲ್ಲವನ್ನೂ ಮೇಲಿನಿಂದ ಹಂಚಿ ಬೆಳೆಸಿದ ಶಾಸಕರು, ಹಂಚುವ ಕೈ ಬದಲಾದಾಗ ಆ ಕಡೆ ಹೋದರು. ಕ್ರಾಂತಿರಂಗ ಎಂಬ ಪಕ್ಷ ಕಟ್ಟಿ ಮತ್ತೆ ನಿಲ್ಲುವ ಯತ್ನದಲ್ಲಿರುವಾಗಲೇ 1982ರ ಜೂನ್ 6ರಂದು ಅವರು ತೀರಿಕೊಂಡರು. 1983ರಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗ ಒಟ್ಟಾಗಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚಿಸಿದವು.

ಈಗ ಕಾಯ್ದೆಯ ಸ್ಥಿತಿ

2020ರಲ್ಲಿ, ಕೋವಿಡ್ ನಡುವೆ, ಮೊದಲು ಸುಗ್ರೀವಾಜ್ಞೆಯಾಗಿ ಬಂದ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ಕಿತ್ತುಹಾಕಿತು. ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ಮೀರಿದವರು ಕೃಷಿ ಜಮೀನು ಕೊಳ್ಳುವಂತಿಲ್ಲ, ಕೃಷಿಕರಲ್ಲದವರು ಕೊಳ್ಳುವಂತಿಲ್ಲ ಎಂಬ ತಡೆಗಳು ಅವು. ಈ ಕಲಮುಗಳ ಹೆಸರಲ್ಲಿ ಕಂದಾಯ ಕಚೇರಿಗಳಲ್ಲಿ ಕಿರುಕುಳ ನಡೆಯುತ್ತಿತ್ತು, ಉಳ್ಳವರು ಹೇಗೂ ದಾಟಿಹೋಗುತ್ತಿದ್ದರು ಎಂಬ ಸಮರ್ಥನೆಯಲ್ಲಿ ಸತ್ಯಾಂಶವಿದೆ. ಆದರೆ ಬೇಲಿ ಮುರಿದಿದ್ದರೆ ಕಟ್ಟಬೇಕಿತ್ತು, ಕಿತ್ತೆಸೆಯಬೇಕಿರಲಿಲ್ಲ. ಅಂದು ವಿರೋಧಿಸಿದ ಕಾಂಗ್ರೆಸ್ 2023ರಲ್ಲಿ ಅಧಿಕಾರಕ್ಕೆ ಬಂದು ಎರಡು ವರ್ಷ ಕಳೆದರೂ ಆ ಕಲಮುಗಳನ್ನು ವಾಪಸ್ ತಂದಿರಲಿಲ್ಲ.

ಇದಕ್ಕಿಂತ ಕಡಿಮೆ ಚರ್ಚೆಯಾಗುವ ಇನ್ನೊಂದು ಸಮಸ್ಯೆ ಇದೇ ಕಾಯ್ದೆಯ ಗೇಣಿ ನಿಷೇಧದ 5ನೇ ಕಲಮಿನದು. ಕಾನೂನಿನಲ್ಲಿ ಗೇಣಿ ಇಲ್ಲ, ಹೊಲದಲ್ಲಿ ಇದೆ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಯವರ ಜಮೀನನ್ನು ಊರಲ್ಲಿ ಉಳಿದವರು ಕೋರಿಗೋ (ಬೆಳೆಯ ಪಾಲಿಗೆ) ಗುತ್ತಿಗೆಗೋ ಮಾಡುತ್ತಾರೆ. ಎಲ್ಲವೂ ಬಾಯಿಮಾತು. ಕರಾರು ಬರೆದರೆ ನಾಳೆ ಹಕ್ಕು ಕೇಳುತ್ತಾರೆಂದು ಒಡೆಯನಿಗೆ ಹೆದರಿಕೆ, ಬರೆಯಿರಿ ಎಂದರೆ ಜಮೀನೇ ಕೈತಪ್ಪುತ್ತದೆಂದು ಮಾಡುವವನಿಗೆ ಹೆದರಿಕೆ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಸೊಸೈಟಿಯ ಬೆಳೆಸಾಲ ಸಿಗುವುದಿಲ್ಲ. ಬೆಳೆ ವಿಮೆಯೂ ಬರಗಾಲದ ಪರಿಹಾರವೂ ಖಾತೆದಾರನ ಬ್ಯಾಂಕ್ ಖಾತೆಗೆ ಹೋಗುತ್ತವೆ. ಬೀಜ, ಗೊಬ್ಬರ, ಕೂಲಿಯ ಸಾಲ ಮಾತ್ರ ಉಳುವವನ ಹೆಸರಲ್ಲಿರುತ್ತದೆ. ಇಂದು ಬೇಕಿರುವುದು ಮಾಲೀಕತ್ವಕ್ಕೆ ಧಕ್ಕೆ ತರದೆ, ಸಾಲ ಮತ್ತು ವಿಮೆಯ ಮಟ್ಟಿಗೆ ಸಾಗುವಳಿದಾರನ ಹೆಸರು ದಾಖಲಿಸುವ ಒಂದು ಸರಳ ನಮೂನೆ. ಹಂಗಾಮು ಶುರುವಾಗುವ ಮೊದಲು ಗ್ರಾಮ ಆಡಳಿತಾಧಿಕಾರಿ ತುಂಬಿಸಿಕೊಂಡು, ಹಂಗಾಮು ಮುಗಿದ ಮೇಲೆ ತಾನಾಗಿ ರದ್ದಾಗುವಂಥದ್ದು. ಅದರ ಮೇಲೆ ಯಾವ ಭೂಹಕ್ಕೂ ಹುಟ್ಟುವುದಿಲ್ಲ ಎಂದು ಕಾಯ್ದೆಯಲ್ಲೇ ಬರೆದರೆ ಒಡೆಯನ ಭಯಕ್ಕೂ ಉತ್ತರ ಸಿಗುತ್ತದೆ. ಬೆಳೆ ಸಮೀಕ್ಷೆಗೆ ಈಗಾಗಲೇ ಪ್ರತಿ ಹಂಗಾಮಿನಲ್ಲೂ ಹೊಲದ ಫೋಟೊ ತೆಗೆಯಲಾಗುತ್ತಿದೆ. ಆ ಹೊತ್ತಿಗೆ ಹೊಲದಲ್ಲಿ ದುಡಿಯುತ್ತಿರುವವನ ಹೆಸರನ್ನೂ ಕೇಳಿ ಬರೆದುಕೊಳ್ಳಲು ಹೊಸ ಇಲಾಖೆಯೇನೂ ಬೇಕಿಲ್ಲ.